‘ಹಾಯ್ ಸರ್, ರೆಫರಲ್ ಕೊಡಿ’ ಅನ್ನೋದಕ್ಕೆ ಮುಂಚೆ

ಇವತ್ತಿನ ಮಾತು ಆನ್‌ಲೈನ್ ನೆಟ್‌ವರ್ಕಿಂಗ್ ಬಗ್ಗೆ. ಈ ಪದ ಕೇಳಿದ ತಕ್ಷಣ ಕೆಲವರಿಗೆ ಮುಜುಗರ ಆಗುತ್ತೆ, ನನಗೂ ಆಗ್ತಿತ್ತು. ಗೊತ್ತಿಲ್ಲದವರಿಗೆ ಮೆಸೇಜ್ ಹಾಕೋದು, ಅವರನ್ನ ಹೊಗಳೋದು, ಕೊನೆಗೆ ಕೆಲಸ ಕೇಳೋದು. ಇದೇ ನೆಟ್‌ವರ್ಕಿಂಗ್ ಅಂತ ನಾನು ಅಂದುಕೊಂಡಿದ್ದೆ. ಅದು ಅಲ್ಲ ಅಂತ ತಿಳಿಯೋಕೆ ನನಗೆ ಒಂದು ಕೆಲಸ ಹೋಗಬೇಕಾಯ್ತು. ಆ ಕಥೆಯನ್ನೇ ಹೇಳ್ತೀನಿ.

ನಾನು ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೀನಿ. ಊರು ಅರಸೀಕೆರೆ ಕಡೆ. ಅಪ್ಪನದು ಒಂದು ಸಣ್ಣ ದಿನಸಿ ಅಂಗಡಿ. ನಮ್ಮ ಮನೆಯಲ್ಲಿ ಯಾರೂ ಕಂಪನಿ ಮೆಟ್ಟಿಲು ಹತ್ತಿದವರಲ್ಲ. ಓದು ಮುಗಿಸಿ ಬೆಂಗಳೂರಿಗೆ ಬಂದಾಗ ಪಿಜಿಯಲ್ಲಿದ್ದ ಕೆಲವರಿಗೆ ಚಿಕ್ಕಪ್ಪ, ಭಾವ, ಅಪ್ಪನ ಫ್ರೆಂಡು ಅಂತ ಯಾರೋ ಒಬ್ಬರು ಒಳಗೆ ಇರ್ತಿದ್ದರು. ನನಗೆ ಇದ್ದದ್ದು ಫೋನು ಮತ್ತು ಲಿಂಕ್ಡ್‌ಇನ್ ಅಕೌಂಟು.

ರಾತ್ರಿ ಊಟ ಆದ ಮೇಲೆ ಕೂತು ಸಿಕ್ಕ ಸಿಕ್ಕವರಿಗೆಲ್ಲ ಒಂದೇ ಮೆಸೇಜ್ ಕಾಪಿ ಪೇಸ್ಟ್ ಮಾಡ್ತಿದ್ದೆ. ‘ಹಾಯ್ ಸರ್, ನಾನು ಫ್ರೆಶರ್. ನಿಮ್ಮ ಕಂಪನಿಯಲ್ಲಿ ಯಾವುದಾದ್ರೂ ಓಪನಿಂಗ್ ಇದ್ದರೆ ದಯವಿಟ್ಟು ರೆಫರ್ ಮಾಡಿ. ರೆಸ್ಯೂಮೆ ಅಟ್ಯಾಚ್ ಮಾಡಿದ್ದೀನಿ.’ ಅವಸರದಲ್ಲಿ ಮೇಡಂಗಳಿಗೂ ‘ಹಾಯ್ ಸರ್’ ಅಂತಲೇ ಹೋಗಿತ್ತು. ಎಷ್ಟೋ ವಾರ ಹೀಗೆ ನಡೀತು. ಉತ್ತರ ಕೊಟ್ಟವರು ಒಬ್ಬರೇ. ಅವರು ಬರೆದದ್ದೂ ಇಷ್ಟೇ: ‘ಯಾವ ಹುದ್ದೆಗೆ? ಜಾಬ್ ಐಡಿ ಕಳಿಸಿ.’ ನನಗೆ ಜಾಬ್ ಐಡಿ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ನಾಚಿಕೆಯಾಗಿ ಉತ್ತರವನ್ನೇ ಕೊಡಲಿಲ್ಲ.

ನಮ್ಮಲ್ಲಿ ಬಹಳ ಜನಕ್ಕೆ ಇದು ಗೊತ್ತಿರಲ್ಲ, ಅದಕ್ಕೇ ಒಂಚೂರು ಬಿಡಿಸಿ ಹೇಳ್ತೀನಿ. ರೆಫರಲ್ ಅಂದರೆ ‘ನನ್ನ ಹುಡುಗ, ನೋಡ್ಕೊಳ್ಳಿ’ ಅಂತ ಬಾಯಿಮಾತಲ್ಲಿ ಹೇಳೋದಲ್ಲ. ದೊಡ್ಡ ಕಂಪನಿಗಳಲ್ಲಿ ಉದ್ಯೋಗಿ ಒಳಗಿನ ಪೋರ್ಟಲ್‌ಗೆ ಲಾಗಿನ್ ಆಗಬೇಕು. ಯಾವ ಹುದ್ದೆ ಅಂತ ನಂಬರ್ ಹಾಕಬೇಕು, ನಿಮ್ಮ ರೆಸ್ಯೂಮೆ ಅಪ್‌ಲೋಡ್ ಮಾಡಬೇಕು. ‘ಈ ವ್ಯಕ್ತಿ ನಿಮಗೆ ಹೇಗೆ ಪರಿಚಯ? ಇವರ ಕೆಲಸ ನೋಡಿದ್ದೀರಾ?’ ಅಂತ ಪ್ರಶ್ನೆ ಇರೋ ಕಡೆಯೂ ಉಂಟು. ಆಯ್ಕೆ ಆದರೆ ರೆಫರ್ ಮಾಡಿದವರಿಗೆ ಬೋನಸ್ ಕೊಡೋ ಕಂಪನಿಗಳಿವೆ, ಸಾಮಾನ್ಯವಾಗಿ ಹೊಸಬರು ಕೆಲವು ತಿಂಗಳು ಉಳಿದುಕೊಂಡ ಮೇಲೆ. ಅಂದರೆ ಅಲ್ಲಿ ಅವರ ಹೆಸರು ದಾಖಲಾಗುತ್ತೆ. ನೀವು ಇಂಟರ್‌ವ್ಯೂಗೆ ಹೋಗದೇ ಇದ್ದರೆ, ರೆಸ್ಯೂಮೆಯಲ್ಲಿ ಸುಳ್ಳು ಬರೆದಿದ್ದರೆ, ಮಾತು ಬರೋದು ಅವರಿಗೆ. ಹೀಗಿರುವಾಗ ಮುಖ ಪರಿಚಯವೂ ಇಲ್ಲದವರಿಗೆ ಅವರು ಯಾಕೆ ತಮ್ಮ ಹೆಸರು ಕೊಡಬೇಕು? ಉತ್ತರ ಬರದೇ ಇದ್ದಾಗ ‘ದೊಡ್ಡವರು, ಕೊಬ್ಬು’ ಅಂತ ನಾನು ಬೈಕೊಂಡಿದ್ದೆ. ನಿಜ ಏನಂದ್ರೆ, ನಾನು ಕೇಳ್ತಾ ಇದ್ದದ್ದು ಅವರ ಹೆಸರನ್ನೇ.

ಆಮೇಲೆ ಬದಲಾದದ್ದು ಆಕಸ್ಮಿಕವಾಗಿ. ಟೆಸ್ಟಿಂಗ್‌ನಲ್ಲಿ ಹಲವು ವರ್ಷ ಅನುಭವ ಇದ್ದ ಒಬ್ಬ ಮೇಡಂ, ಆನ್‌ಲೈನ್ ಪೇಮೆಂಟ್ ಪೇಜ್‌ನ ಹೇಗೆ ಪರೀಕ್ಷೆ ಮಾಡಬೇಕು ಅಂತ ಒಂದು ಪೋಸ್ಟ್ ಬರೆದಿದ್ದರು. ಅದನ್ನ ಓದಿ ನಮ್ಮ ಕಾಲೇಜ್ ಪ್ರಾಜೆಕ್ಟ್‌ನಲ್ಲಿ ಅದೇ ಥರ ಮಾಡಿ ನೋಡಿದೆ. ‘ಪೇ’ ಬಟನ್ ಒತ್ತಿ, ತಕ್ಷಣ ಮೊಬೈಲ್ ಡೇಟಾ ಆಫ್ ಮಾಡಿ, ಮತ್ತೆ ಆನ್ ಮಾಡಿದರೆ ಒಂದೇ ಆರ್ಡರ್ ಎರಡು ಸಲ ಆಗ್ತಿತ್ತು! ನಾನು ಖುಷಿ ತಡೆಯೋಕಾಗದೆ ಅವರಿಗೆ ಬರೆದೆ: ‘ಮೇಡಂ ನಮಸ್ಕಾರ. ನಿಮ್ಮ ಪೋಸ್ಟ್ ಓದಿ ನನ್ನ ಪ್ರಾಜೆಕ್ಟ್‌ನಲ್ಲಿ ಮಾಡಿ ನೋಡಿದೆ. ನೆಟ್ ನಡುವೆ ಕಟ್ ಆದರೆ ಆರ್ಡರ್ ಎರಡು ಸಲ ಆಗ್ತಿದೆ, ದುಡ್ಡೂ ಎರಡು ಸಲ ಕಟ್ ಆಗ್ತಿದೆ. ಬಗ್ ರಿಪೋರ್ಟ್‌ನಲ್ಲಿ ಇದನ್ನ ಒಂದೇ ಅಂತ ಬರೀಬೇಕಾ, ಎರಡಾಗಿ ಬರೀಬೇಕಾ?’

ಮಾರನೇ ದಿನ ಉತ್ತರ ಬಂತು. ‘ಒಂದೇ ಬರೀರಿ, ಮೂಲ ಕಾರಣ ಒಂದೇ ಇದ್ದಂತಿದೆ. ಆದರೆ ಎಷ್ಟು ಸಲ ಟ್ರೈ ಮಾಡಿದಾಗ ಎಷ್ಟು ಸಲ ಹೀಗಾಯ್ತು ಅಂತ ಹಾಕಿ. ಡೆವಲಪರ್ ಮೊದಲು ಕೇಳೋದೇ ಅದನ್ನ.’ ನಾನು ಹತ್ತು ಸಲ ಮಾಡಿ, ಲೆಕ್ಕ ಹಾಕಿ ಕಳಿಸಿದೆ. ಹೀಗೆ ಶುರುವಾಯ್ತು.

ಈ ಎರಡು ಮೆಸೇಜ್‌ಗೆ ಇರೋ ವ್ಯತ್ಯಾಸ ನೋಡಿ. ಎರಡನೆಯದರಲ್ಲಿ ನಾನು ಕೆಲಸವನ್ನೇ ಕೇಳಿಲ್ಲ. ಅವರು ಬರೆದದ್ದನ್ನ ಓದಿದ್ದೀನಿ, ಮಾಡಿ ನೋಡಿದ್ದೀನಿ ಅನ್ನೋದು ಅದರಲ್ಲೇ ಕಾಣುತ್ತೆ. ಕೇಳಿರೋ ಪ್ರಶ್ನೆಗೆ ಎರಡು ನಿಮಿಷದಲ್ಲಿ ಉತ್ತರ ಕೊಡಬಹುದು. ಹೊಗಳಿಕೆ ಒಂದು ಸಾಲೂ ಇಲ್ಲ, ಆದರೆ ಅವರಿಗೆ ಅದಕ್ಕಿಂತ ಹೆಚ್ಚು ಸಂತೋಷ ಆಗಿತ್ತಂತೆ. ‘ಪೋಸ್ಟ್‌ಗೆ ಲೈಕ್ ತುಂಬಾ ಬಂದಿತ್ತು, ಮಾಡಿ ನೋಡಿ ಹೇಳಿದ್ದು ನೀವೊಬ್ಬರೇ’ ಅಂತ ಆಮೇಲೆ ಹೇಳಿದರು.

ಮೂರು ನಾಲ್ಕು ತಿಂಗಳಲ್ಲಿ ಐದಾರು ಸಲ ಹೀಗೆ ಮಾತಾಡಿರಬಹುದು. ಒಂದು ದಿನ ನನಗೆ ಇಂಟರ್‌ವ್ಯೂ ಬಂದಿದೆ ಅಂತ ಹೇಳಿದಾಗ, ಅವರೇ ಇಪ್ಪತ್ತು ನಿಮಿಷ ಕಾಲ್‌ನಲ್ಲಿ ಕೂತು ನನ್ನ ರೆಸ್ಯೂಮೆ ತಿದ್ದಿಸಿದರು. ‘ಹಾರ್ಡ್ ವರ್ಕಿಂಗ್, ಟೀಮ್ ಪ್ಲೇಯರ್’ ಅಂತ ಇದ್ದ ಸಾಲು ತೆಗೆಸಿ, ಆ ಡಬಲ್ ಆರ್ಡರ್ ಬಗ್ ಕಥೆಯನ್ನ ಹಾಕಿಸಿದರು. ಇಂಟರ್‌ವ್ಯೂನಲ್ಲಿ ಅರ್ಧ ಹೊತ್ತು ಅದರ ಬಗ್ಗೆಯೇ ಮಾತಾಯ್ತು. ಕೆಲಸ ಸಿಕ್ತು.

ಈಗ ನಾನು ಮಾಡಿದ ತಪ್ಪಿಗೆ ಬರ್ತೀನಿ.

ಕೆಲಸ ಸಿಕ್ಕಿತು ಅಂತ ಅಪ್ಪ ಅಮ್ಮನಿಗೆ ಹೇಳಿದೆ. ಪಿಜಿಯಲ್ಲಿ ಎಲ್ಲರಿಗೂ ಪಫ್ಸ್ ಕೊಡಿಸಿದೆ. ವಾಟ್ಸ್‌ಆ್ಯಪ್ ಸ್ಟೇಟಸ್ ಹಾಕಿದೆ. ಆ ಮೇಡಂಗೆ ಹೇಳಲಿಲ್ಲ. ಬೇಕಂತ ಅಲ್ಲ. ಇವತ್ತು ಹೇಳೋಣ, ನಾಳೆ ಚೆನ್ನಾಗಿ ಬರೆದು ಹೇಳೋಣ ಅಂತ ವಾರ ಆಯ್ತು. ತಿಂಗಳಾದ ಮೇಲೆ ‘ಈಗ ಹೇಳಿದರೆ ಏನಂದುಕೊಳ್ತಾರೋ’ ಅಂತ ಸಂಕೋಚ. ಆಮೇಲೆ ಮರೆತೇ ಹೋಯ್ತು.

ಎರಡು ವರ್ಷ ಆದ ಮೇಲೆ ಒಂದು ಬೆಳಿಗ್ಗೆ ನಮ್ಮ ಟೀಮ್‌ನವರನ್ನೆಲ್ಲ ಮೀಟಿಂಗ್‌ಗೆ ಕರೆದರು. ಅರ್ಧ ಗಂಟೆಯಲ್ಲಿ ಲ್ಯಾಪ್‌ಟಾಪ್ ವಾಪಸ್ ಕೊಡೋ ಫಾರ್ಮ್ ಬಂತು. ಲೇಆಫ್. ರೂಮಿಗೆ ಬಂದು ಯಾರನ್ನ ಕೇಳೋದು ಅಂತ ಯೋಚಿಸಿದಾಗ ಮೊದಲು ನೆನಪಾದದ್ದು ಅವರೇ. ಚಾಟ್ ಓಪನ್ ಮಾಡಿದೆ. ಅಲ್ಲಿ ಕೊನೆಯ ಮೆಸೇಜ್ ನನ್ನದೇ: ‘ಥ್ಯಾಂಕ್ಯೂ ಮೇಡಂ, ಇಂಟರ್‌ವ್ಯೂ ಹೇಗಾಯ್ತು ಅಂತ ಖಂಡಿತ ಹೇಳ್ತೀನಿ.’

ಎರಡು ವರ್ಷದಿಂದ ಆ ಮಾತು ಅಲ್ಲೇ ಇತ್ತು. ಅದರ ಕೆಳಗೆ ‘ಮೇಡಂ, ಎಲ್ಲಾದ್ರೂ ಓಪನಿಂಗ್ ಇದೆಯಾ’ ಅಂತ ಹೇಗೆ ಬರೀಲಿ?

ನಮ್ಮ ಅಪ್ಪನ ಅಂಗಡಿಗೆ ಬರೋ ಕೆಲವರ ಬಗ್ಗೆ ಅಪ್ಪ ಒಂದು ಮಾತು ಹೇಳ್ತಿದ್ದರು: ‘ಉದ್ರಿಗೆ ನಮ್ಮ ಅಂಗಡಿ, ನಗದಿಗೆ ಪೇಟೆ ಅಂಗಡಿ.’ ಕೈಯಲ್ಲಿ ದುಡ್ಡು ಇದ್ದಾಗ ಬೇರೆ ಕಡೆ ಹೋಗ್ತಾರೆ, ಖಾಲಿ ಆದಾಗ ಮಾತ್ರ ನಮ್ಮ ನೆನಪಾಗುತ್ತೆ ಅಂತ. ಅವರಿಗೆ ಅಪ್ಪ ಇಲ್ಲ ಅಂತಿರಲಿಲ್ಲ, ಅಕ್ಕಿ ಬೇಳೆ ಕೊಡ್ತಿದ್ದರು. ಆದರೆ ಅವರು ಬಂದಾಗ ಅಪ್ಪನ ಮುಖ ಬೇರೆ ಇರ್ತಿತ್ತು. ಆ ರಾತ್ರಿ ನನಗೆ ಅಪ್ಪನ ಮುಖವೇ ಕಣ್ಣ ಮುಂದೆ ಬಂತು. ನಾನೂ ಉದ್ರಿ ಗಿರಾಕಿ ಆಗಿಬಿಟ್ಟಿದ್ದೆ.

ಆ ದಿನ ಕೆಲಸ ಕೇಳಲಿಲ್ಲ. ಇಷ್ಟು ಬರೆದೆ: ‘ಮೇಡಂ, ಎರಡು ವರ್ಷದ ಹಿಂದೆ ಹೇಳಬೇಕಾಗಿದ್ದ ಮಾತು. ನೀವು ರೆಸ್ಯೂಮೆ ತಿದ್ದಿಸಿದ್ದರಿಂದ ನನಗೆ ಆ ಕೆಲಸ ಸಿಕ್ತು. ಅವತ್ತೇ ಹೇಳದೇ ಇದ್ದದ್ದು ನನ್ನ ತಪ್ಪು. ಈಗ ಲೇಆಫ್ ಆಗಿದ್ದೀನಿ, ಅದಕ್ಕೇ ನೆನಪಾಯ್ತು ಅಂತ ನಿಮಗೆ ಅನಿಸಿದರೆ ಅದೂ ನಿಜವೇ. ಆದರೂ ಹೇಳದೆ ಇರೋಕಾಗಲಿಲ್ಲ.’

ಸಂಜೆ ಅವರ ಉತ್ತರ ಬಂತು. ‘ಸಿಕ್ಕಿತ್ತಾ? ಒಳ್ಳೇದಾಯ್ತು. ನಾನೇ ಏನೋ ತಪ್ಪು ಹೇಳಿಕೊಟ್ಟು ನಿಮಗೆ ಕೆಲಸ ಸಿಗಲಿಲ್ಲವೇನೋ ಅಂತ ಬಹಳ ದಿನ ಅಂದುಕೊಂಡಿದ್ದೆ.’

ನನಗೆ ಹೊಟ್ಟೆಯಲ್ಲಿ ಸಂಕಟ ಆಯ್ತು. ಅವರು ಮರೆತಿರ್ತಾರೆ, ದೊಡ್ಡವರಿಗೆ ಇದೆಲ್ಲ ಲೆಕ್ಕಕ್ಕಿಲ್ಲ ಅಂದುಕೊಂಡಿದ್ದೆ. ಅವರು ಕಾಯ್ತಿದ್ದರು. ಸಹಾಯ ಮಾಡಿದವರಿಗೆ ಬೇಕಾಗೋದು ಬಹಳ ಸಲ ಇಷ್ಟೇ: ಮುಂದೇನಾಯ್ತು ಅಂತ ತಿಳಿಯೋದು.

ಅವರ ಕಂಪನಿಯಲ್ಲಿ ಆಗ ಯಾವ ಹುದ್ದೆಯೂ ಇರಲಿಲ್ಲ. ಅವರು ತಮ್ಮ ಹಳೇ ಸಹೋದ್ಯೋಗಿ ಒಬ್ಬರಿಗೆ ನನ್ನ ಬಗ್ಗೆ ಎರಡು ಸಾಲು ಬರೆದರು. ಅವರು ಇನ್ನೊಬ್ಬರಿಗೆ ಹೇಳಿದರು. ನನಗೆ ಮುಂದಿನ ಕೆಲಸ ಸಿಕ್ಕಿದ್ದು ಆ ಮೂರನೆಯವರ ಕಡೆಯಿಂದ, ಅವರನ್ನ ನಾನು ನೋಡಿರಲೂ ಇಲ್ಲ.

ಇದು ನನ್ನೊಬ್ಬನ ಅದೃಷ್ಟ ಅಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ಪ್ರಬಂಧ ಬರೆದರು. ವಿಷಯ: ಸಡಿಲ ಸಂಬಂಧಗಳ ಶಕ್ತಿ. ಬಾಸ್ಟನ್ ಹತ್ತಿರದ ಊರೊಂದರಲ್ಲಿ, ಹೊಸದಾಗಿ ಕೆಲಸ ಬದಲಿಸಿದವರನ್ನ ಅವರು ಮಾತಾಡಿಸಿದ್ದರು. ಪರಿಚಯದವರ ಮೂಲಕ ಕೆಲಸ ಸಿಕ್ಕಿದವರನ್ನ ‘ಆ ವ್ಯಕ್ತಿಯನ್ನ ಎಷ್ಟು ಸಲ ಭೇಟಿ ಆಗ್ತಿದ್ರಿ?’ ಅಂತ ಕೇಳಿದರು. ಮೇಲಿಂದ ಮೇಲೆ ಅಂದವರು ಶೇ 16.7 ಮಾತ್ರ. ಆಗೊಮ್ಮೆ ಈಗೊಮ್ಮೆ ಅಂದವರು ಶೇ 55.6. ಅಪರೂಪಕ್ಕೆ ಅಂದವರು ಶೇ 27.8. ಕಾರಣ ಸರಳ. ನಮ್ಮ ಆಪ್ತ ಸ್ನೇಹಿತರಿಗೆ ಗೊತ್ತಿರೋ ಸುದ್ದಿ ನಮಗೂ ಗೊತ್ತಿರುತ್ತೆ. ಬೇರೆ ವಲಯದಲ್ಲಿ ಓಡಾಡೋ ಪರಿಚಯದವರ ಕಿವಿಗೆ ಬೀಳೋ ಸುದ್ದಿ ಬೇರೆ.

ಆ ಲೆಕ್ಕ ಸಣ್ಣದು, ಐವತ್ತು ಚಿಲ್ಲರೆ ಜನರದು. ಫೋನ್ ಕಾಲದಲ್ಲೂ ಇದು ನಿಜವಾ? 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಲಿಂಕ್ಡ್‌ಇನ್‌ನಲ್ಲಿ ‘ಇವರು ನಿಮಗೆ ಗೊತ್ತಿರಬಹುದು’ ಅಂತ ಹೆಸರು ತೋರಿಸುತ್ತಲ್ಲ, ಅದನ್ನ ಬೇರೆ ಬೇರೆ ಜನರಿಗೆ ಬೇರೆ ಬೇರೆ ರೀತಿ ತೋರಿಸಿ ಮಾಡಿದ ಪ್ರಯೋಗಗಳು ಅವು. ಐದು ವರ್ಷ, ಎರಡು ಕೋಟಿಗೂ ಹೆಚ್ಚು ಬಳಕೆದಾರರು. ಕೆಲಸ ಬದಲಿಸೋಕೆ ಹೆಚ್ಚು ನೆರವಾದದ್ದು ತೀರಾ ಆಪ್ತರೂ ಅಲ್ಲ, ತೀರಾ ಅಪರಿಚಿತರೂ ಅಲ್ಲ. ಒಂದಷ್ಟು ಜನ, ಅಂದಾಜು ಹತ್ತು ಮಂದಿ, ಇಬ್ಬರಿಗೂ ಗೊತ್ತಿರೋವಂಥ ಮಧ್ಯದ ಪರಿಚಯಗಳು. ಇನ್ನೊಂದು ಅಂಶ: ಸಡಿಲ ಪರಿಚಯದ ಈ ಲಾಭ ಡಿಜಿಟಲ್ ಕೆಲಸ ಹೆಚ್ಚಿರೋ ಕ್ಷೇತ್ರಗಳಲ್ಲಿ ಜಾಸ್ತಿ ಕಂಡಿತು. ಅಂಥದ್ದಲ್ಲದ ಕಡೆ ಹತ್ತಿರದ ಸಂಬಂಧಗಳೇ ಹೆಚ್ಚು ಉಪಯೋಗಕ್ಕೆ ಬಂದವು.

ನಾನು ಇದರಿಂದ ತಿಳ್ಕೊಂಡದ್ದು ಎರಡು. ಮೊದಲನೆಯದು, ಸಾವಿರ ಕನೆಕ್ಷನ್ ಇದೆ ಅಂತ ಹೆಮ್ಮೆ ಪಡೋದರಲ್ಲಿ ಅರ್ಥ ಇಲ್ಲ. ಲಿಂಕ್ಡ್‌ಇನ್‌ನಲ್ಲಿ 30,000 ಕನೆಕ್ಷನ್ ತನಕ ಸೇರಿಸಬಹುದು, ಅಷ್ಟು ಜನರ ಹೆಸರೂ ನೆನಪಿರಲ್ಲ. ಎರಡನೆಯದು, ಪರಿಚಯ ಸಡಿಲ ಇದ್ದರೆ ಪರವಾಗಿಲ್ಲ, ಆದರೆ ಆ ದಾರ ಇರಬೇಕು. ವರ್ಷಕ್ಕೆ ಎರಡು ಸಲ ಮಾತಾಡಿದರೂ ಸಾಕು, ಅದರಲ್ಲಿ ಒಂದು ಸಲವಾದ್ರೂ ಏನೂ ಕೇಳದೆ ಮಾತಾಡಿರಬೇಕು.

‘ಸರಿ, ನಾನು ಫ್ರೆಶರ್. ನನ್ನ ಹತ್ತಿರ ಏನಿದೆ ಅಂತ ಅವರಿಗೆ ಕೊಡ್ಲಿ?’ ಅಂತ ನೀವು ಕೇಳಬಹುದು. ನಿಮ್ಮ ಹತ್ತಿರ ಇರೋದು ನೀವು ಮಾಡ್ತಿರೋ ಕೆಲಸ. ಅದನ್ನ ತೋರಿಸಿ, ಪ್ರಶ್ನೆ ಕೇಳಿ.

1991ರ ಆಗಸ್ಟ್ 25ರಂದು ಫಿನ್‌ಲೆಂಡ್‌ನ ಹೆಲ್ಸಿಂಕಿಯಲ್ಲಿ 21 ವರ್ಷದ ಒಬ್ಬ ವಿದ್ಯಾರ್ಥಿ ಇಂಟರ್‌ನೆಟ್‌ನ ಒಂದು ಚರ್ಚಾ ಗುಂಪಿಗೆ ಬರೆದ. ನಾನು ಹವ್ಯಾಸಕ್ಕೆ ಒಂದು ಆಪರೇಟಿಂಗ್ ಸಿಸ್ಟಮ್ ಮಾಡ್ತಿದ್ದೀನಿ, ನಿಮಗೆ ಏನೇನು ಬೇಕು ಹೇಳಿ ಅನ್ನೋದು ಅದರ ಸಾರ. ಆ ಹುಡುಗ ಲೈನಸ್ ಟೊರ್ವಾಲ್ಡ್ಸ್, ಆ ಹವ್ಯಾಸ ಲಿನಕ್ಸ್. ನಿಮ್ಮ ಕೈಯಲ್ಲಿ ಆಂಡ್ರಾಯ್ಡ್ ಫೋನ್ ಇದ್ದರೆ ಅದರ ಒಳಗೆ ಇರೋದು ಲಿನಕ್ಸ್ ಕರ್ನಲ್ಲೇ. ಒಬ್ಬರ ಮುಖ ಒಬ್ಬರು ನೋಡದ ಜನ ದೇಶ ದೇಶಗಳಿಂದ ಕೋಡ್ ಕಳಿಸಿ, ತಪ್ಪು ತೋರಿಸಿ, ಜಗಳ ಆಡಿ ಅದನ್ನ ಬೆಳೆಸಿದರು. ಅವರು ಪರಿಚಯ ಮಾಡಿಕೊಳ್ಳೋಕೆ ಅಂತ ಸೇರಲಿಲ್ಲ, ಕೆಲಸ ಮಾಡ್ತಾ ಮಾಡ್ತಾ ಪರಿಚಯ ಆಯ್ತು.

ನಾವೆಲ್ಲ ಟೊರ್ವಾಲ್ಡ್ಸ್ ಆಗಬೇಕಿಲ್ಲ. ಗಿಟ್‌ಹಬ್‌ನಲ್ಲಿ ಹೊಸಬರಿಗಾಗಿ ‘ಗುಡ್ ಫಸ್ಟ್ ಇಶ್ಯೂ’ ಅಂತ ಗುರುತು ಹಾಕಿದ ಸಣ್ಣ ಕೆಲಸಗಳಿರುತ್ತವೆ, ಒಂದನ್ನ ಮುಗಿಸಿ. ಐಟಿ ಅಲ್ಲದವರಿಗೂ ದಾರಿ ಇದೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಯಾರು ಬೇಕಾದರೂ ತಿದ್ದಬಹುದು. ನೀವು ನರ್ಸಿಂಗ್ ಓದಿದ್ದರೆ, ಕೃಷಿ ಓದಿದ್ದರೆ, ನಿಮ್ಮ ವಿಷಯದ ಒಂದು ಲೇಖನ ಸರಿ ಮಾಡಿ. ಅದರ ಚರ್ಚೆ ಪುಟದಲ್ಲಿ ನಿಮ್ಮನ್ನ ತಿದ್ದೋಕೆ ಯಾರಾದರೂ ಬಂದೇ ಬರ್ತಾರೆ. ಒಂದು ಒಳ್ಳೇ ವೆಬಿನಾರ್ ಕೇಳಿದ್ರೆ ನೋಟ್ಸ್ ಬರೆದು ಮಾತಾಡಿದವರಿಗೆ ಟ್ಯಾಗ್ ಮಾಡಿ. ನಿಮಗಿಂತ ಒಂದು ವರ್ಷ ಹಿಂದೆ ಇರೋ ಜೂನಿಯರ್ ಕೇಳಿದ್ದಕ್ಕೆ ಉತ್ತರ ಕೊಡಿ. ಅವರೂ ನಿಮ್ಮ ನೆಟ್‌ವರ್ಕೇ, ನಾವು ಯಾವಾಗಲೂ ಮೇಲೆ ಮಾತ್ರ ನೋಡ್ತೀವಿ.

ಎಲ್ಲಿಂದ ಶುರು ಮಾಡೋದು ಅಂದರೆ, ನಿಮ್ಮ ಕಾಲೇಜಿಂದ. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಪೇಜ್‌ಗೆ ಹೋದರೆ ‘ಅಲಮ್ನಿ’ ಅಂತ ಒಂದು ಟ್ಯಾಬ್ ಇರುತ್ತೆ. ಹಳೇ ವಿದ್ಯಾರ್ಥಿಗಳು ಯಾವ ಊರಲ್ಲಿದ್ದಾರೆ, ಎಲ್ಲಿ ಕೆಲಸ ಮಾಡ್ತಿದ್ದಾರೆ ಅಂತ ಆರಿಸಿ ನೋಡಬಹುದು. ಅದೇ ಕಾರಿಡಾರ್, ಅದೇ ಲ್ಯಾಬು, ಅದೇ ಲೆಕ್ಚರರ್ ಹತ್ತಿರ ಬೈಸಿಕೊಂಡವರು ಅವರು. ಮೊದಲ ಮಾತಿಗೆ ಅಷ್ಟು ಸಾಕು. ಅಧ್ಯಯನ ಹೇಳಿದ ‘ಮಧ್ಯದ ಪರಿಚಯ’ ಬಹುಮಟ್ಟಿಗೆ ಇವರೇ.

ಇಂಗ್ಲಿಷ್ ಭಯ ಇದ್ದವರಿಗೆ ಒಂದು ಮಾತು. ದೊಡ್ಡ ಪದ ಹುಡುಕಿ, ಎಐ ಹತ್ತಿರ ಬರೆಸಿ ಕಳಿಸಬೇಡಿ. ಅಂಥ ಮೆಸೇಜ್ ಅವರಿಗೆ ದಿನಾ ಬರುತ್ತೆ, ನೋಡಿದ ತಕ್ಷಣ ಗೊತ್ತಾಗುತ್ತೆ. ನಿಮ್ಮದೇ ಮೂರು ಸರಳ ಸಾಲು ಸಾಕು, ವ್ಯಾಕರಣ ತಪ್ಪಿದ್ದರೂ ನಡೆಯುತ್ತೆ. ಎದುರಿನವರು ಕನ್ನಡದವರು ಅಂತ ಗೊತ್ತಿದ್ದರೆ ಕನ್ನಡದಲ್ಲೇ ‘ನಮಸ್ಕಾರ’ ಅಂತ ಶುರು ಮಾಡಿ. ನಾನು ಹಾಗೇ ಮಾಡಿದ್ದು. ಇಂಗ್ಲಿಷ್ ಮೆಸೇಜ್‌ಗಳ ರಾಶಿಯಲ್ಲಿ ಅದೊಂದು ಕಣ್ಣಿಗೆ ಬಿತ್ತು ಅಂತ ಅವರೇ ಹೇಳಿದ್ದರು.

ಉತ್ತರ ಬರಲಿಲ್ಲ ಅಂದರೆ? ಹತ್ತು ದಿನ ಬಿಟ್ಟು ಒಂದು ಸಲ ನೆನಪಿಸಿ. ಅದಕ್ಕೂ ಬರಲಿಲ್ಲ ಅಂದರೆ ಬಿಟ್ಟುಬಿಡಿ. ಅವರ ಮನೆಯಲ್ಲಿ ಯಾರಿಗೋ ಹುಷಾರಿಲ್ಲದೆ ಇರಬಹುದು, ಅವರದೇ ಕೆಲಸ ಅಲ್ಲಾಡ್ತಾ ಇರಬಹುದು. ‘ಸರ್?’ ‘ಸರ್??’ ಅಂತ ಪ್ರಶ್ನಾರ್ಥಕ ಚಿಹ್ನೆ ಕಳಿಸಬೇಡಿ.

ಹುಷಾರಾಗಿರಬೇಕಾದ ಕಡೆ ಹುಷಾರಾಗಿರಿ. ರೆಫರಲ್‌ಗೆ ದುಡ್ಡು, ಟ್ರೈನಿಂಗ್ ಡೆಪಾಸಿಟ್, ಲ್ಯಾಪ್‌ಟಾಪ್ ಚಾರ್ಜ್ ಅಂತ ಯಾರಾದರೂ ಕೇಳಿದರೆ ಅದು ಮೋಸ. ಓಟಿಪಿ, ಆಧಾರ್ ಫೋಟೋ ಕಳಿಸಬೇಡಿ. ದುಡ್ಡು ಕಳಕೊಂಡಿದ್ದರೆ ನಾಚಿಕೆ ಪಡದೆ ತಕ್ಷಣ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ. ಹೆಣ್ಣುಮಕ್ಕಳಿಗೆ ಇನ್ನೊಂದು: ಕೆಲಸದ ಮಾತು ಬಿಟ್ಟು ಫೋಟೋ, ರಾತ್ರಿ ಕಾಲ್, ‘ಒಬ್ಬರೇ ಬನ್ನಿ’ ಅಂತ ಶುರುವಾದರೆ, ಎಷ್ಟೇ ದೊಡ್ಡ ಹುದ್ದೆಯವರಾಗಲಿ, ಬ್ಲಾಕ್ ಮಾಡಿ, ರಿಪೋರ್ಟ್ ಮಾಡಿ. ಉಪಕಾರದ ಋಣ ಅಂತ ಸಹಿಸಿಕೊಳ್ಳಬೇಕಾಗಿಲ್ಲ.

ಮುಗಿಸೋಕೆ ಮುಂಚೆ ನಿಮಗೊಂದು ಕೆಲಸ ಕೊಡ್ತೀನಿ. ಈ ಸಂಚಿಕೆ ಮುಗಿದ ಮೇಲೆ ಫೋನ್‌ನಲ್ಲಿ ಹಳೇ ಚಾಟ್ ಕೆಳಗೆ ಕೆಳಗೆ ಹೋಗಿ ನೋಡಿ. ‘ಆಮೇಲೆ ಹೇಳ್ತೀನಿ’ ಅಂತ ಹೇಳಿ ಬಿಟ್ಟಿರೋದು ಒಂದಾದರೂ ಇರುತ್ತೆ. ನೋಟ್ಸ್ ಕೊಟ್ಟ ಸೀನಿಯರ್ ಇರಬಹುದು, ಸರ್ಟಿಫಿಕೇಟ್‌ಗೆ ಸಹಿ ಹಾಕಿಸಿಕೊಟ್ಟ ಮೇಷ್ಟ್ರು ಇರಬಹುದು. ಏನಾಯ್ತು ಅಂತ ಅವರಿಗೆ ಹೇಳಿ. ಕೆಲಸ ಸಿಗದೇ ಇದ್ದರೂ ಹೇಳಿ. ಇವತ್ತು ಬೇರೇನೂ ಕೇಳಬೇಡಿ.

ನಾನು ಈಗ ಆ ಮೇಡಂಗೆ ಆರು ತಿಂಗಳಿಗೊಮ್ಮೆ ಬರೀತೀನಿ. ಹೊಸದಾಗಿ ಸಿಕ್ಕ ವಿಚಿತ್ರ ಬಗ್ ಏನಾದರೂ ಇದ್ದರೆ ಕಳಿಸ್ತೀನಿ. ಹೋದ ಸಲ ಅವರೇ ಕೇಳಿದರು, ‘ನಮ್ಮ ಅಕ್ಕನ ಮಗ ಟೆಸ್ಟಿಂಗ್ ಕಲೀತಾ ಇದ್ದಾನೆ, ಒಂದರ್ಧ ಗಂಟೆ ಮಾತಾಡ್ತೀರಾ?’ ಅಂತ. ಭಾನುವಾರ ಒಂದೂವರೆ ಗಂಟೆ ಮಾತಾಡಿದೆ. ಫೋನ್ ಇಡುವಾಗ ಆ ಹುಡುಗ ಅಂದ, ‘ಇಂಟರ್‌ವ್ಯೂ ಆದ ಮೇಲೆ ಹೇಳ್ತೀನಿ ಅಣ್ಣ.’ ‘ಹೇಳು, ಕಾಯ್ತಿರ್ತೀನಿ’ ಅಂದೆ.